ತತ್ತಿಗೆ ಎಷ್ಟು ಸೀಟಿ

ನಾಯಿ ನಮ್ಮ ಮನೆಗೆ ಬಂದದ್ದು ಸೋಯಾಬೀನಿನ ಚೀಲದಲ್ಲಿ. ಉದಗೀರದಲ್ಲಿ ನನಗೊಬ್ಬ ಗೆಳೆಯನಿದ್ದಾನೆ; ಗಾಯಗೊಂಡ ಬೀದಿನಾಯಿಗಳನ್ನು ಎತ್ತಿ ತಂದು ಆರೈಕೆ ಮಾಡುತ್ತಾನೆ. ನಾನು ಅವನ ಮುಂದೆ ನಮ್ಮ ಓಣಿಯ ನಾಯಿಗಳ ದನಿಯನ್ನೆಲ್ಲ ತೆಗೆದು ನಗಿಸುತ್ತಿದ್ದೆ. ಇಷ್ಟು ಚಂದ ಬೊಗಳುವವನ ಮನೆಯಲ್ಲಿ ನಾಯಿಗೆ ಬೇಸರವಾಗಲಿಕ್ಕಿಲ್ಲ ಎಂದು ಒಂದನ್ನು ನನ್ನ ಬೈಕಿಗೆ ಹೇರಿಯೇ ಬಿಟ್ಟ. ಗಾಯ ಮಾಯುವ ತನಕ ಇಟ್ಟುಕೋ, ಆಮೇಲೆ ಸಾಕುವವರನ್ನು ನಾನು ಹುಡುಕುತ್ತೇನೆ ಎಂದ.

ಯಾರೋ ಕುತ್ತಿಗೆಗೆ ಕಟ್ಟಿದ್ದ ತಂತಿ ಚರ್ಮದೊಳಗೆ ಇಳಿದಿತ್ತಂತೆ. ತಂತಿ ತೆಗೆದಿದ್ದರು, ಹುಳು ತೆಗೆದಿದ್ದರು, ವಾಸನೆಯನ್ನು ಮಾತ್ರ ನನ್ನ ಪಾಲಿಗೆ ಬಿಟ್ಟಿದ್ದರು. ಸತ್ತ ಹೆಗ್ಗಣವನ್ನು ಹುಳಿ ಮಜ್ಜಿಗೆಯಲ್ಲಿ ನೆನೆಹಾಕಿದಂಥ ವಾಸನೆ. ನಮ್ಮೂರು ನಿಲಂಗಾಕ್ಕೆ ಬರುವ ದಾರಿಯಲ್ಲಿ ಮೂಗು ಬಿಟ್ಟು ಬಾಯಿಂದ ಉಸಿರಾಡಿದೆ. ಆಗ ಅದರ ರುಚಿಯೂ ಗೊತ್ತಾಯಿತು.

ಅವ್ವ ಬಾಗಿಲಲ್ಲೇ ಸೆರಗಿನಿಂದ ಮೂಗು ಮುಚ್ಚಿದಳು.

"ಚೀಲದಾಗ ಏನ್ ತಂದಿ? ಸತ್ತದೇನು?"

"ಇನ್ನಾ ಇಲ್ಲವ್ವಾ."

ಹಿತ್ತಲಿನಲ್ಲಿ ಅದಕ್ಕೆ ಜಾಗ ಸಿಕ್ಕಿತು. ಮೈ ಕೆರೆದುಕೊಂಡಾಗೆಲ್ಲ ಹೊಟ್ಟು ಉದುರುತ್ತಿತ್ತು. ಹಾಲಲ್ಲಿ ರೊಟ್ಟಿ ಮುರಿದು ಹಾಕಿದರೆ ಹಾಲನ್ನಷ್ಟೇ ನೆಕ್ಕಿತು, ರೊಟ್ಟಿಯನ್ನು ಮೂಸಲೂ ಇಲ್ಲ. ಆ ಹಾಲು ರಾತ್ರಿಯೆಲ್ಲ ಹಿಂದಿನಿಂದ ಹರಿಯಿತು. ಬೆಳಿಗ್ಗೆ ಬರಿಗಾಲಲ್ಲಿ ಹೋದ ನಾನು ಅದನ್ನು ಬೆರಳುಗಳ ಸಂದಿಯಿಂದ ಕಡ್ಡಿಯಲ್ಲಿ ಕೆತ್ತಿ ತೆಗೆದೆ. ಆಮೇಲೆ ಅದು ಹಾಲನ್ನೂ ಮುಟ್ಟದೆ, ಮಲಗಿದಲ್ಲಿಂದ ಏಳದೆ ಹೋಯಿತು.

ದನದ ಡಾಕ್ಟರು ಬಂದು ನೋಡಿ ಮರಾಠಿಯಲ್ಲಿ, "ರೋಜ ಏಕ ಅಂಡ ದ್ಯಾ, ನಾಹೀ ತರ ಜಾಯೀಲ" ಎಂದರು. ದಿನಾ ಒಂದು ತತ್ತಿ ಕೊಡಿ, ಇಲ್ಲದಿದ್ದರೆ ಹೋಗಿಬಿಡುತ್ತದೆ. ಚೂರು ಉಪ್ಪು ಹಾಕಿ ಎಂದಷ್ಟು ಸಲೀಸಾಗಿ ಹೇಳಿ ಹೊರಟರು. ಲಿಂಗಪೂಜೆಯಾಗದೆ ನೀರು ಕುಡಿಯದವಳು ಅವ್ವ. ನಮ್ಮ ಮನೆಯಲ್ಲಿ ತತ್ತಿಯ ಹೆಸರನ್ನೂ ಉಣ್ಣುವಾಗ ಎತ್ತುವಂತಿಲ್ಲ. ಅಪ್ಪನಂತೂ ಇನ್ನು ಮೇಲೆ ಅಡತಿ ಅಂಗಡಿಯಲ್ಲೇ, ಕಾಳಿನ ಚೀಲಗಳ ನಡುವೆ ಕೂತು ಉಣ್ಣುತ್ತೇನೆ ಎಂದ. ಅದನ್ನೇ ಅವನ ಗಂಟಲಲ್ಲಿ, ಅವನ ಕೆಮ್ಮಿನ ಸಮೇತ ಅವ್ವನಿಗೆ ಮಾಡಿ ತೋರಿಸಿದೆ. ಅವಳು ನಗಲಿಲ್ಲ. ನಾಯಿಯ ಪಕ್ಕೆಲುಬು ಏಳುವುದನ್ನೂ ಇಳಿಯುವುದನ್ನೂ ನೋಡುತ್ತ ನಿಂತಿದ್ದಳು.

"ಜಳಕದ ಮುಂಚೆ ತಾ," ಎಂದಳು.

ಮೋರಿ ಬಳಿಯುವುದು, ಸತ್ತ ಇಲಿ ಎತ್ತುವುದು, ಇಂಥ ಹೊಲಸು ಕೆಲಸವೆಲ್ಲ ನಮ್ಮಲ್ಲಿ ಜಳಕದ ಮುಂಚೆಯೇ. ತತ್ತಿಯೂ ಆ ಸಾಲಿಗೆ ಸೇರಿತು.

ಮರುದಿನ ನಸುಕಿನಲ್ಲಿ ಅಂಗಿಯೊಳಗೆ ಬಚ್ಚಿಟ್ಟು ತಂದೆ. ಅವ್ವ ಹಿತ್ತಲಲ್ಲಿ ಇಟ್ಟಂಗಿಯ ಒಲೆ ಹೂಡಿ, ಅಟ್ಟದ ಮೇಲಿದ್ದ ಹಳೆಯ ಕುಕ್ಕರನ್ನು ಇಳಿಸಿದ್ದಳು. ಉಕ್ಕಬಾರದೆಂದು ಬೇಳೆಗೆ ಹಾಕುವಂತೆ ಎಣ್ಣೆ, ಅರಿಶಿನವನ್ನೂ ಹಾಕಿದಳು.

"ಎಷ್ಟ ಸೀಟಿ ಹೊಡಸಬೇಕು?"

ನನಗೇನು ಗೊತ್ತು? ಆದರೂ ಡಾಕ್ಟರರ ದನಿ ತೆಗೆದು, "ಬ್ಯಾಳಿಗಿ ಮೂರು. ಇದಕ್ಕ ಸಿಪ್ಪಿ ಅದ ನೋಡ್ರಿ ಅವ್ವಾರ, ಆರು ಇರ್ಲಿ" ಎಂದೆ.

ನಾಲ್ಕನೆಯದಕ್ಕೆ ಸೀಟಿಯ ಬದಲು ಹಳದಿ ನೊರೆ ಬಂತು. ಆ ನಾತದ ಮುಂದೆ ನಾಯಿಯ ಗಾಯ ಊದಿನಕಡ್ಡಿ. ಕುಕ್ಕರು ಆರಿದ ಮೇಲೆ ಮುಚ್ಚಳ ತೆಗೆದರೆ ಒಳಗೆ ಒಡೆದ ಸಿಪ್ಪೆ, ಅದಕ್ಕೆ ಅಂಟಿದ ರಬ್ಬರಿನಂಥ ಬಿಳಿ, ಸುತ್ತ ಹಸಿರುಗಟ್ಟಿದ ಲೋಳೆ. ಮುಟ್ಟಲು ಹೋದ ನನ್ನ ಕೈ ನಡುದಾರಿಯಿಂದ ವಾಪಸು ಬಂತು. ಅವ್ವ ಸೆರಗನ್ನು ಹಲ್ಲಲ್ಲಿ ಕಚ್ಚಿ, ಮುಖ ಆಚೆ ತಿರುಗಿಸಿ, ಬೆರಳ ತುದಿಯಲ್ಲಿ ಸಿಪ್ಪೆ ಬಿಡಿಸಿದಳು. ನಡುನಡುವೆ ಸೆರಗು ಬಿಟ್ಟು ಉಗುಳುತ್ತಿದ್ದಳು.

ನಾಯಿ ಮೂಸಿತು. ಒಮ್ಮೆ ನೆಕ್ಕಿತು. ಆಮೇಲೆ ಗಬಕ್ಕನೆ ನುಂಗಿ, ನಾವು ಉಸಿರು ಬಿಡುವುದರೊಳಗೆ ಅಷ್ಟನ್ನೂ ಕಾರಿತು. ನೊರೆ, ಲೋಳೆ, ಅರಿಶಿನ, ಎಲ್ಲ. ಅವ್ವ ಹಾಗೇ ನೆಲಕ್ಕೆ ಕೂತುಬಿಟ್ಟಳು. ನನಗೂ ಯಾರ ದನಿಯೂ ಹೊಳೆಯಲಿಲ್ಲ.

ಆಗ ನಾಯಿ ನಡುಗುವ ಕಾಲ ಮೇಲೆ ಎದ್ದು ನಿಂತಿತು. ತಾನು ಕಾರಿದ್ದರ ಹತ್ತಿರ ಬಂದು, ತಲೆ ಬಗ್ಗಿಸಿ, ಅದನ್ನು ನಿಧಾನಕ್ಕೆ ತಿನ್ನತೊಡಗಿತು. ಒಂದು ಚೂರೂ ಬಿಡಲಿಲ್ಲ, ನೆಲದ ಕಲ್ಲನ್ನೂ ನೆಕ್ಕಿತು. ನಾನು ಮೋರಿಯ ಕಡೆ ಓಡಿದೆ.

"ನಿಂತದ ನೋಡೋ," ಹಿಂದಿನಿಂದ ಅವ್ವನ ದನಿ ಬಂತು. "ಹೊಟ್ಟ್ಯಾಗ ನಿಂತದ. ನಾಳಿಗಿ ಇನ್ನೊಂದು ತರ್ತಿಯಿಲ್ಲ?"

ಹೂಂ ಎನ್ನಲು ನನ್ನ ಬಾಯಿ ಖಾಲಿ ಇರಲಿಲ್ಲ.