ಬೆಲ್ಲದ ಅಚ್ಚಿನಲ್ಲಿ ಸೀಸ

ಅಣ್ಣನಿಗೆ ಲಕ್ವ ಹೊಡೆದು ಒಂಬತ್ತು ತಿಂಗಳಾದ ಮೇಲೆ ಅವನು ನನ್ನ ಹತ್ತಿರ ಕೇಳಿದ್ದು ಒಂದೇ. ನೀರಿನ ಸೆಳೆತಕ್ಕೆ ಜರುಗದಂಥ ಗುಂಡು ಮಾಡಿಕೊಡು ಅಂದ. ಇನ್ನೊಬ್ಬ ಡಾಕ್ಟರ ಹತ್ತಿರ ಕರಕೊಂಡು ಹೋಗು ಅನ್ನಲಿಲ್ಲ, ಬೇರೆ ಔಷಧಿ ಇದೆಯೇ ಎಂದು ವಿಚಾರಿಸಲಿಲ್ಲ. ಗಾಳದ ದಾರಕ್ಕೆ ಕಟ್ಟುವ ಸೀಸದ ಗುಂಡು ಬೇಕಾಗಿತ್ತು ಅವನಿಗೆ.

ನಮ್ಮ ಮನೆ ಇರುವುದು ಬೆಳಗೊಳದ ಹತ್ತಿರ, ಹೊಳೆಯಿಂದ ಕೂಗಳತೆಯ ದೂರದಲ್ಲಿ. ಅಣ್ಣ ಹುಟ್ಟಿದಾಗಿನಿಂದ ಅಲ್ಲೇ ಇದ್ದಾನೆ. ನಾನು ಪಾಂಡವಪುರದಲ್ಲಿ ಹೈಸ್ಕೂಲು ಮೇಷ್ಟ್ರು, ವಿಜ್ಞಾನ ಪಾಠ ಮಾಡುತ್ತೇನೆ, ಭಾನುವಾರ ಸ್ಕೂಟರಿನಲ್ಲಿ ಊರಿಗೆ ಹೋಗಿ ಬರುತ್ತೇನೆ. ಅಣ್ಣ ಮೀನು ಹಿಡಿಯುವುದು ರಾಡು, ರೀಲು ಇಟ್ಟುಕೊಂಡಲ್ಲ. ಅದೆಲ್ಲ ಮೈಸೂರಿಂದ ಟೋಪಿ ಹಾಕಿಕೊಂಡು ಬರುವವರಿಗೆ. ಅವನದು ಬರೀ ಕೈದಾರ. ಟಂಗೂಸು ಅನ್ನುವ ನೈಲಾನ್ ದಾರದ ಒಂದು ತುದಿಯಲ್ಲಿ ಗಾಳ ಮತ್ತು ಗುಂಡು, ಇನ್ನೊಂದು ತುದಿ ಒಂದು ಮರದ ತುಂಡಿಗೆ ಸುತ್ತಿರುತ್ತದೆ. ಗುಂಡನ್ನು ಬೀಸಿ ನಡುಹೊಳೆಗೆ ಎಸೆದು, ದಾರವನ್ನು ಬಲಗೈಯ ತೋರುಬೆರಳ ಮೇಲೆ ಹಾಯಿಸಿಕೊಂಡು ಕೂರುತ್ತಾನೆ. ಮೀನು ಬಾಯಿ ಹಾಕಿದ್ದು ಬೆರಳಿಗೆ ತಿಳಿಯಬೇಕು, ಕಣ್ಣಿಗೆ ಅಲ್ಲಿ ಕೆಲಸ ಕಡಿಮೆ. ಬಂದಿರುವುದು ಗೆಂಡೆಮೀನೋ ಜಿಲೇಬಿ ಮೀನೋ ಎಂದು ದಾರ ಎಳೆಯುವ ಮೊದಲೇ ಹೇಳುತ್ತಿದ್ದ. ಹೆಚ್ಚು ಸಲ ಸರಿಯಾಗಿರುತ್ತಿತ್ತು. ತಪ್ಪಾದಾಗ ಅದು ಮೀನಿನ ತಪ್ಪು ಅನ್ನುತ್ತಿದ್ದ.

ಲಕ್ವ ಹೊಡೆದದ್ದು ಬಲಗಡೆಗೆ. ಕಾಲು ಮೂರು ತಿಂಗಳಲ್ಲಿ ದಾರಿಗೆ ಬಂತು. ಕೈ ಭುಜದವರೆಗೂ ಏಳುವಷ್ಟಾಯಿತು, ಬೆರಳುಗಳು ನಿಧಾನವಾಗಿ ಮಡಚಿಕೊಂಡವು. ಆದರೆ ಮುಟ್ಟಿದ್ದು ತಿಳಿಯುತ್ತಿರಲಿಲ್ಲ. ಅತ್ತಿಗೆ ನಾಗಮಂಗಲದ ಕಡೆಯವರು. ಅವರ ಊರಿನಲ್ಲಿ ಕೆರೆ ಬಿಟ್ಟರೆ ಬೇರೆ ನೀರಿಲ್ಲ, ಮದುವೆಯಾಗಿ ಬಂದು ಇಷ್ಟು ವರ್ಷವಾದರೂ ಹೊಳೆ ಕಂಡರೆ ಅವರಿಗೆ ಆಗುವುದಿಲ್ಲ. ಕೈಗೆ ಸ್ಪರ್ಶ ಬರುವ ತನಕ ಆ ಕಡೆ ತಲೆ ಹಾಕಿ ಮಲಗುವ ಹಾಗೂ ಇಲ್ಲ ಎಂದು ಅಣ್ಣನಿಗೆ ಹೇಳಿಬಿಟ್ಟಿದ್ದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಬಂಡೆಯ ಮೇಲೆ ಒಬ್ಬನೇ ಕೂತವನ ಬೆರಳಿಗೆ ದಾರ ಸುತ್ತಿಕೊಂಡು, ಅದು ಅವನಿಗೆ ತಿಳಿಯದೇ ಹೋಗಿ, ಆಚೆ ಕಡೆಯಿಂದ ದೊಡ್ಡದೊಂದು ಎಳೆದರೆ ಗತಿಯೇನು.

ಒಂಬತ್ತನೇ ತಿಂಗಳಿಗೆ ಅಣ್ಣ ಬೆರಳಿಗೆ ತಿಳಿಯುತ್ತಿದೆ ಅನ್ನಲು ಶುರುಮಾಡಿದ.

“ಕಾಫಿ ಲೋಟ ಬಿಸಿ ಅಂತ ತಿಳೀತು ಕಣ್ಲಾ,” ಅಂದ ಒಂದು ಭಾನುವಾರ.

ಅತ್ತಿಗೆ ನನ್ನ ಕಡೆ ತಿರುಗಿದರು. “ನೀವೇ ನೋಡಿ ಯೋಳಿ ಮೇಷ್ಟ್ರೇ. ಅವ್ರ ಮಾತ ನಾನು ನಂಬಾಕಿಲ್ಲ. ನೀವು ತಿಳೀತದೆ ಅಂದ್ರೆ ಕಳುಸ್ತೀನಿ.”

ಹೀಗೆ ತೀರ್ಮಾನ ನನ್ನ ತಲೆಗೆ ಬಂತು. ಅಣ್ಣನನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿ, ಬಲಗೈಯನ್ನು ಪಕ್ಕದಿಂದ ಹಿಂದಕ್ಕೆ ಚಾಚಿಸಿ, ಪೆನ್ನಿನ ತುದಿಯಿಂದ ಒಂದೊಂದು ಬೆರಳು ಚುಚ್ಚಿದೆ. ಯಾವುದು ಎಂದು ಕೇಳಿದ್ದಕ್ಕೆಲ್ಲ ಸರಿಯಾಗಿ ಹೇಳಿದ. ಮುಕ್ಕಾಲು ಪಾಲು ಸರಿಹೋಗಿದೆ ಅತ್ತಿಗೆ ಅಂದೆ. ಆ ಗೋಡೆಗೆ ಒತ್ತಿ ಬೀರು ಇದ್ದದ್ದು, ಬೀರುವಿನ ಬಾಗಿಲಿಗೆ ಕನ್ನಡಿ ಇದ್ದದ್ದು ನನಗೆ ಆಗ ಹೊಳೆಯಲೇ ಇಲ್ಲ. ಪರೀಕ್ಷೆಯಲ್ಲಿ ಮಕ್ಕಳು ಕಾಪಿ ಹೊಡೆಯುವುದನ್ನು ಹಿಡಿಯುವುದರಲ್ಲಿ ನಾನು ಗಟ್ಟಿಗ ಎಂದು ಶಾಲೆಯಲ್ಲಿ ಹೆಸರಿದೆ.

ಗುಂಡಿನ ಮಾತು ಬಂದದ್ದು ಇದಾದ ಮೇಲೆ. ಅಂಗಡಿಯಲ್ಲಿ ಸಿಗುವ ದುಂಡನೆಯ ಗುಂಡು ಹೊಳೆಯ ಸೆಳೆತಕ್ಕೆ ಉರುಳುತ್ತಾ ಹೋಗಿ ಸ್ವಲ್ಪ ಹೊತ್ತಿಗೆಲ್ಲ ದಡದ ಜೊಂಡಿಗೆ ಸೇರುತ್ತದೆ. ಮೊದಲಾದರೆ ಅಣ್ಣ ಮತ್ತೆ ಎಳೆದು ಮತ್ತೆ ಎಸೆಯುತ್ತಿದ್ದ. ಈಗ ಎಡಗೈಯಲ್ಲಿ ಎಸೆಯಬೇಕು, ನಾಲ್ಕು ಸಲ ಎಸೆದರೆ ಸುಸ್ತು. ಹಾಕಿದಲ್ಲೇ ಕೂರುವ ಗುಂಡು ಬೇಕಿತ್ತು. ಕಡಲ ದಂಡೆಯಲ್ಲಿ ನಿಂತು ಗಾಳ ಹಾಕುವವರು ಅಂಥದನ್ನು ಬಳಸುವುದನ್ನು ನಾನು ಫೋನಿನಲ್ಲಿ ನೋಡಿದ್ದೆ. ಸೀಸದ ಗಟ್ಟಿಯಿಂದ ನಾಲ್ಕು ತಂತಿಯ ಕಾಲು ಹೊರಗೆ ಬಂದಿರುತ್ತವೆ, ಅವು ಮರಳನ್ನು ಕಚ್ಚಿ ಹಿಡಿಯುತ್ತವೆ. ಜೋರಾಗಿ ಎಳೆದರೆ ಕಾಲುಗಳು ಬಾಗಿ ಗುಂಡು ಬಿಟ್ಟುಕೊಳ್ಳುತ್ತದೆ. ನೋಡಿದರೆ ಸುಲಭ ಅನ್ನಿಸಿತು.

ಸೀಸ ಸಿಕ್ಕಿದ್ದು ಶ್ರೀರಂಗಪಟ್ಟಣದ ಹೆದ್ದಾರಿ ಬದಿಯ ಒಂದು ಟೈರ್ ಅಂಗಡಿಯಲ್ಲಿ. ಕಾರಿನ ಚಕ್ರ ಸಮತೂಕಕ್ಕೆ ಅಂತ ಅಂಚಿಗೆ ಬಡಿಯುವ ಸೀಸದ ಚೂರುಗಳನ್ನು ಅವರು ಕಿತ್ತು ಡಬ್ಬಕ್ಕೆ ಹಾಕುತ್ತಿದ್ದರು, ಕೇಳಿದೆ, ಕೊಟ್ಟರು. ಗುಂಡಿನ ಕಾಲುಗಳಿಗೆ ಹಳೇ ಸೈಕಲ್ ಕಡ್ಡಿ ಇಟ್ಟುಕೊಂಡೆವು. ಹೊಯ್ಯುವುದು ಯಾವುದರಲ್ಲಿ ಎಂಬ ಪ್ರಶ್ನೆಯೇ ಏಳಲಿಲ್ಲ. ಮನೆಯ ಹಿಂದೆ ನಮ್ಮ ಆಲೆಮನೆ ಇದೆ. ಅಲ್ಲಿ ಗಾಣ ನಿಂತು ಕೆಲವು ವರ್ಷವಾಯಿತು, ಕಬ್ಬು ಈಗ ಸೀದಾ ಕಾರ್ಖಾನೆಗೆ ಹೋಗುತ್ತದೆ. ಅಚ್ಚುಬೆಲ್ಲ ಹೊಯ್ಯುವ ಮರದ ಹಲಗೆ ಮಾತ್ರ ಅಟ್ಟದ ಮೇಲೆ ಹಾಗೇ ಇತ್ತು, ಚೌಕದ ಗುಳಿಗಳು ಸಾಲಾಗಿ. ಬೆಲ್ಲ ಹೊಯ್ದಷ್ಟೇ ತುಂಬಿಸಿದರೆ ಗುಂಡು ಎಸೆಯಲಾಗದಷ್ಟು ಭಾರವಾಗುತ್ತದೆ, ಅರ್ಧಕ್ಕಿಂತ ಕಡಿಮೆ ಸಾಕು ಎಂದು ನಾನು ಲೆಕ್ಕ ಹಾಕಿ ಹೇಳಿದೆ.

ಆ ಬೆಳಿಗ್ಗೆ ನಾನು ಬಹಳ ಜಂಬದಲ್ಲಿದ್ದೆ. ಸೀಸದ ಹೊಗೆ ವಿಷ ಎಂದು ಆಲೆಮನೆಯ ಹೊರಗೆ, ಗಾಳಿಗೆ ಬೆನ್ನು ಮಾಡಿ ಮೂರು ಕಲ್ಲಿನ ಒಲೆ ಹೂಡಿದೆ. ಇಬ್ಬರ ಮೂಗಿಗೂ ಟವೆಲು ಕಟ್ಟಿದೆ. ಅಡುಗೆಮನೆಯ ಪಾತ್ರೆ ಮುಟ್ಟಬಾರದು ಎಂದು ಗುಜರಿಯಿಂದ ಕಬ್ಬಿಣದ ಬಾಣಲಿ ಮತ್ತು ಸೌಟು ತಂದಿದ್ದೆ. ಚೂರುಗಳು ಕರಗಿ ಕನ್ನಡಿಯ ಹಾಗೆ ಹೊಳೆಯತೊಡಗಿದವು. ಅಣ್ಣ ಹಲಗೆ ಅಲುಗಾಡದಂತೆ ಬಲಗೈಯಿಂದ ಒತ್ತಿ ಹಿಡಿದ. ನಾನು ಸೌಟು ಎತ್ತಿದೆ.

“ಅಚ್ಚು ನೆನೆಸ್ದೇನ್ಲಾ?” ಅಂದ ಅಣ್ಣ.

“ಆಗ್ಲೇ ನೆನೆಸಿ ಒರೆಸಿವ್ನಿ,” ಅಂದೆ.

ಆಲೆಮನೆಯಲ್ಲಿ ಬೆಳೆದ ಯಾರೂ ಒಣ ಅಚ್ಚಿಗೆ ಹೊಯ್ಯುವುದಿಲ್ಲ. ಹಲಗೆಯನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟು, ಎತ್ತಿ, ಒದರಿ, ಬಟ್ಟೆಯಲ್ಲಿ ಒರೆಸಿದ ಮೇಲೆಯೇ ಪಾಕ. ಇಲ್ಲದಿದ್ದರೆ ಬೆಲ್ಲ ಮರಕ್ಕೆ ಕಚ್ಚಿಕೊಳ್ಳುತ್ತದೆ, ಅಪ್ಪನಿಂದ ಬೈಗುಳ ಬೀಳುತ್ತದೆ. ಬೆಳಿಗ್ಗೆ ಬಂದವನೇ ನಾನು ಮಾಡಿದ ಮೊದಲ ಕೆಲಸ ಹಲಗೆಯನ್ನು ತೊಟ್ಟಿಗೆ ಹಾಕಿದ್ದು. ನೀರು ನೂರು ಡಿಗ್ರಿಗೆ ಆವಿಯಾಗುತ್ತದೆ, ಸೀಸ ಕರಗಲು ಅದರ ಮೂರರಷ್ಟು ಬೇಕು ಎಂದು ಪ್ರತಿ ವರ್ಷ ಕರಿಹಲಗೆಯ ಮೇಲೆ ಬರೆಯುವವನು ನಾನು. ಕೈ ಅದನ್ನು ಕೇಳಲಿಲ್ಲ, ಅಪ್ಪನ ಮಾತು ಕೇಳಿತು.

ಮೊದಲ ಗುಳಿಗೆ ಸೀಸ ಬಿದ್ದದ್ದೇ ಪಟಾರ್ ಎಂದು ಸಿಡಿಯಿತು. ನಾನು ಸೌಟು ಬಿಸಾಕಿ ಹಿಂದಕ್ಕೆ ನೆಗೆದೆ. ಅಂಗಿಯ ಮೇಲೆ ಎರಡು ತೂತು ಬಿದ್ದವು, ಮೈಗೆ ಏನೂ ಆಗಲಿಲ್ಲ. ಅಣ್ಣ ಕೂತಲ್ಲೇ ಕೂತಿದ್ದ. ನಾನು ನೆಗೆದದ್ದನ್ನು ನೋಡಿ ಅವನಿಗೆ ನಗು ತಡೆಯಲಾಗಲಿಲ್ಲ.

“ಅಂಗ್ಯಾಕ್ಲಾ ನೆಗಿತೀಯ? ಮೇಷ್ಟ್ರಂತೆ ಮೇಷ್ಟ್ರು.”

ಅವನ ಬಲಗೈ ಹಲಗೆಯ ಮೇಲೆಯೇ ಇತ್ತು. ಹಿಂಗೈಯ ಮೇಲೆ ತೊಗರಿಬೇಳೆಯಷ್ಟು ದೊಡ್ಡ ಸೀಸದ ಹನಿ ಕೂತಿತ್ತು. ಅದರ ಸುತ್ತ ಚರ್ಮ ಬೆಳ್ಳಗಾಗುತ್ತಿತ್ತು. ಅವನು ಇನ್ನೂ ನಗುತ್ತಿದ್ದ.

“ಅಣ್ಣ, ಕೈ,” ಅಂದೆ.

“ಯಾವ ಕೈ?”

ನಾನು ಓಡಿಹೋಗಿ ಹನಿಯನ್ನು ಕಡ್ಡಿಯಿಂದ ತಳ್ಳಿ ಅವನ ಕೈಯನ್ನು ತೊಟ್ಟಿಯ ನೀರಿಗೆ ಅದ್ದಿದೆ. ಅಷ್ಟು ಹೊತ್ತಿಗೆ ವಾಸನೆ ಅವನ ಮೂಗಿಗೂ ಬಂದಿತ್ತು. ನಗು ನಿಂತಿತು. ನೀರಿನೊಳಗಿನ ತನ್ನ ಕೈಯನ್ನು ಬೇರೆ ಯಾರದೋ ವಸ್ತು ನೋಡುವ ಹಾಗೆ ನೋಡಿದ.

“ತಿಳೀಲಿಲ್ವಾಣ್ಣ?”

“ತಿಳೀತು. ವಸಿ ತಡವಾಗಿ ತಿಳೀತು.” ಕೈಯನ್ನು ನೀರಿನಿಂದ ತೆಗೆದು, “ಅವ್ಳಿಗೆ ಯೋಳ್ಬ್ಯಾಡ. ನೋವಾಗಿ ಕೈ ಎಳ್ಕೊಂಡ ಅನ್ನು,” ಅಂದ. ಆಮೇಲೆ ಬೀರುವಿನ ಕನ್ನಡಿಯ ವಿಷಯವನ್ನೂ ಅವನೇ ಬಾಯಿಬಿಟ್ಟ. ಒಂಬತ್ತು ತಿಂಗಳಿಂದ ಆ ಬೆರಳುಗಳಿಗೆ ಏನೇನೂ ತಿಳಿದಿರಲಿಲ್ಲ.

ಅತ್ತಿಗೆ ಜಗುಲಿಯ ಮೇಲೆ ಕೂತು ಅವನ ಕೈಗೆ ಮುಲಾಮು ಹಚ್ಚಿದರು. ಅಣ್ಣನನ್ನು ಒಂದು ಮಾತೂ ಕೇಳಲಿಲ್ಲ, ತಲೆಯೆತ್ತಿ ನನ್ನನ್ನು ಕೇಳಿದರು. “ತಾಕಿದ್ ತಕ್ಷಣ ಕೈ ಎಳ್ಕೊಂಡ್ರಾ ಮೇಷ್ಟ್ರೇ?”

ಅಣ್ಣ ನನ್ನನ್ನೇ ನೋಡುತ್ತಿದ್ದ. ಹೂಂ ಅಂದಿದ್ದರೆ ಮುಂದಿನ ವಾರ ಅವನು ಹೊಳೆಯಲ್ಲಿರುತ್ತಿದ್ದ, ಒಬ್ಬನೇ, ಸತ್ತ ಬೆರಳಿಗೆ ದಾರ ಹಾಯಿಸಿಕೊಂಡು. “ಇಲ್ಲ ಅತ್ಗೆ,” ಅಂದೆ. “ತಿಳೀನೇ ಇಲ್ಲ.”

“ಬಾಳ ಸತ್ಯವಂತ,” ಎಂದು ಅಣ್ಣ ಎದ್ದು ಒಳಗೆ ಹೋದ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಸರಿಯಾದುದನ್ನೇ ಹೇಳಿದೆ ಎಂಬುದು ಆ ಅಸಹ್ಯವನ್ನು ಎಳ್ಳಷ್ಟೂ ಕಡಿಮೆ ಮಾಡಲಿಲ್ಲ.

ಆಮೇಲೆ ಆರು ಭಾನುವಾರ ಅವನು ನನ್ನ ಜೊತೆ ಮಾತು ಬಿಟ್ಟ. ಸ್ಕೂಟರಿನ ಸದ್ದು ಕೇಳಿದರೆ ಟಿವಿಯ ಸದ್ದು ಜಾಸ್ತಿಯಾಗುತ್ತಿತ್ತು. ಮನೆಯೊಳಗೆ ಕೂರಲಾಗದೆ ನಾನು ಆಲೆಮನೆಗೆ ಹೋಗುತ್ತಿದ್ದೆ, ಅಲ್ಲಿ ಮಾಡಲು ಬೇರೇನೂ ಇಲ್ಲದ್ದರಿಂದ ಗುಂಡು ಹೊಯ್ಯುತ್ತಿದ್ದೆ. ಹಲಗೆಯನ್ನು ಒಂದು ವಾರ ಪೂರ್ತಿ ಬಿಸಿಲಿಗಿಟ್ಟು, ಹೊಯ್ಯುವ ಮೊದಲು ಕೆಂಡದ ಮೇಲೆ ಹಿಡಿದು ಬೆಚ್ಚಗೆ ಮಾಡುತ್ತಿದ್ದೆ. ಮರ ಸುಟ್ಟು ಕರ್ರಗಾಯಿತು, ಸೀಸ ಮಾತ್ರ ಸದ್ದಿಲ್ಲದೆ ಕೂತಿತು. ಮೊದಲ ನಾಲ್ಕನ್ನು ಹೊಳೆಗೆ ಒಯ್ದು ಎಸೆದು ನೋಡಿದೆ. ಸೈಕಲ್ ಕಡ್ಡಿಯ ಕಾಲು ಬಲು ಬಿರುಸು, ಕಲ್ಲಿನ ಸಂದಿಗೆ ಸಿಕ್ಕಿದರೆ ಬಾಗುವುದಿಲ್ಲ, ನಾಲ್ಕೂ ದಾರ ಕಿತ್ತುಕೊಂಡು ಹೊಳೆಯ ಪಾಲಾದವು.

ಏಳನೇ ಭಾನುವಾರ ಕೆಂಡ ಊದುತ್ತಿದ್ದಾಗ ಹಿಂದಿನಿಂದ ಅಣ್ಣನ ಧ್ವನಿ ಬಂತು. “ಕಡ್ಡಿ ಬ್ಯಾಡ. ಬೇಲಿ ಕಟ್ಟೋ ತಂತಿ ಐತಲ್ಲ, ಅದ ಹಾಕು. ಎಳುದ್ರೆ ಬಾಗ್ತದೆ.” ಅಷ್ಟು ಹೇಳಿ ಒಲೆಯಿಂದ ದೂರದಲ್ಲಿ ಕಲ್ಲಿನ ಮೇಲೆ ಕೂತ, ಬಲಗೈಯನ್ನು ಜೇಬಿನೊಳಗೆ ಇಟ್ಟುಕೊಂಡು. ತಂತಿ ಹಾಕಿದೆ. ಅಂದು ಹೊಯ್ದ ಆರು ಗುಂಡುಗಳಲ್ಲಿ ಒಂದೂ ಕೆಡಲಿಲ್ಲ.

ನಾನು ಕೇಳಿಕೊಂಡ ಮೇಲೆ ಅವನನ್ನು ಹೊಳೆಗೆ ಕಳಿಸಲು ಅತ್ತಿಗೆ ಒಪ್ಪಿದರು. ನಾನು ಜೊತೆಗಿರಬೇಕು, ಎಸೆಯುವುದು ನಾನೇ, ಅವನು ನೀರಿನ ಅಂಚಿಗೆ ಹೋಗಕೂಡದು ಎಂದು ಮೂರು ಕಟ್ಟಳೆ ಹಾಕಿದರು. ಅಣ್ಣ ಒಂದಕ್ಕೂ ಎದುರಾಡದೇ ಇದ್ದದ್ದು ಕಂಡು ನನಗೆ ಸಂಕಟವಾಯಿತು. ಅವನು ಜಗಳವಾಡುತ್ತಾನೆ ಅಂದುಕೊಂಡಿದ್ದೆ.

ನಾವು ಹೋದ ದಿನ ಹೊಳೆಯಲ್ಲಿ ಸೆಳೆತ ಜೋರಿತ್ತು, ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಗಾಳಕ್ಕೆ ರಾಗಿಹಿಟ್ಟಿನ ಉಂಡೆ ಸಿಕ್ಕಿಸಿ ಎಸೆದೆ. ನನ್ನ ಎಸೆತ ನೋಡಿ ಅಣ್ಣ, ಕಸ ಬಿಸಾಕಿದಂಗೆ ಬಿಸಾಕ್ತೀಯ ಅಂದ. ಗುಂಡು ಸ್ವಲ್ಪ ದೂರ ಜರುಗಿ ಕಚ್ಚಿ ನಿಂತಿತು. ದಾರ ಬಿಗಿಯಾಯಿತು. ಅವನ ಕೈಗೆ ಕೊಟ್ಟೆ. ಅವನು ಅದನ್ನು ಎಡಗೈಯಲ್ಲಿ ತೆಗೆದುಕೊಂಡು, ನನ್ನನ್ನು ಒಮ್ಮೆ ನೋಡಿ, ಬಲಗೈಯ ತೋರುಬೆರಳ ಮೇಲೆ ಹಾಯಿಸಿದ. ಅವನ ಪಕ್ಕಕ್ಕೆ ಸರಿದು ಕೂತೆ.

ಅವನು ಕಣ್ಣು ಮುಚ್ಚಿದ. ಹಿಂಗೈಯ ಮೇಲೆ ಸುಟ್ಟ ಕಲೆ ಇನ್ನೂ ಕೆಂಪಗಿತ್ತು. ಎಷ್ಟು ಹೊತ್ತು ಹಾಗೇ ಕೂತಿದ್ದೆವೋ ಗೊತ್ತಿಲ್ಲ. ದಾರ ಒಮ್ಮೆ ಜಗ್ಗಿತು. ಮತ್ತೊಮ್ಮೆ, ಬೆರಳೇ ಮುಂದಕ್ಕೆ ಹೋಗುವಷ್ಟು ಜೋರಾಗಿ ಜಗ್ಗಿತು. ಆಮೇಲೆ ಸಡಿಲವಾಗಿ ಮತ್ತೆ ಮೊದಲಿನಂತಾಯಿತು. ಅಣ್ಣನ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಮುಚ್ಚಿಕೊಂಡೇ ಕೇಳಿದ. “ಕಚ್ತಾ?”

“ಕಚ್ತು ಕಣಣ್ಣ.”

“ಎಷ್ಟ್ ಸಲ?”

“ಎರಡ್ ಸಲ.”

ಅವನು ಕಣ್ಣು ತೆರೆದು ಹೊಳೆಯನ್ನು ನೋಡಿದ. “ಬ್ಯಾರೆ ಯಾರಾಗಿದ್ರೂ ಇಲ್ಲ ಅನ್ನೋರು,” ಅಂದ. “ಅದುಕ್ಕೇ ನಿನ್ನ ಕೇಳ್ದೆ.”

ದಾರವನ್ನು ಆ ಬೆರಳಿನಿಂದ ಬಿಡಿಸಿದ. ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ದಾರವನ್ನು ಎಡಗೈಯ ಬೆರಳಿಗೆ ಹಾಯಿಸಿ ಸ್ವಲ್ಪ ಎಳೆದು ನೋಡಿದ.

“ಗುಂಡು ಅಲ್ಲೇ ಐತೆ,” ಅಂದ.