ತೂಕಕ್ಕೆ ನಿಲ್ಲದ ದುಭಾಷಿ

ಕಿಡಿಯ ಮುತ್ತಜ್ಜ ಬಂದರಿನಲ್ಲಿ ಹಗ್ಗ ಕಟ್ಟುವ ಆಳು. ಎರಡು ದೇಶದ ಹಡಗಿನವರು ಒಂದೇ ಗೂಟಕ್ಕೆ ಹಗ್ಗ ಹಾಕಲು ಬಂದು ಚಾಕು ಹಿರಿದಾಗ, ಇಬ್ಬರ ಭಾಷೆಯಲ್ಲೂ ಹತ್ತಿಪ್ಪತ್ತು ಮಾತು ಬಲ್ಲ ಅವನು ನಡುವೆ ನುಗ್ಗಿದ. ಅವನದು ಇವನಿಗೆ, ಇವನದು ಅವನಿಗೆ ಹೇಳುತ್ತಾ ಹೇಳುತ್ತಾ ಹೊತ್ತು ಮುಳುಗುವುದರೊಳಗೆ ಇಬ್ಬರ ಚಾಕನ್ನೂ ಒರೆಗೆ ಸೇರಿಸಿದ. ಆ ಗಲಾಟೆಯಲ್ಲಿ ಎಡಗೈಯ ಎರಡು ಬೆರಳು ಹೋದವು, ಬೆರಳಿನ ಜೊತೆ ಹಗ್ಗದ ಕೆಲಸವೂ ಹೋಯಿತು, ದುಭಾಷಿ ಅನ್ನುವ ಹೆಸರು ಬಂತು. ಅವನ ಮಗಳು ಏಳುನಾಲಿಗೆ ಅಜ್ಜಿ. ಬಂದರಿನ ಆಸ್ಪತ್ರೆಯಲ್ಲಿ ಡಾಕ್ಟರಿಗೂ ರೋಗಿಗೂ ನಡುವೆ ನಿಂತು, ಸಾಯುವ ನಾವಿಕರ ಕೊನೆಯ ಮಾತನ್ನು ಅವರವರ ಭಾಷೆಯಲ್ಲೇ ಕೇಳಿಸಿಕೊಂಡು ಅವರವರ ಮನೆಗೆ ಮುಟ್ಟಿಸಿದ ಪುಣ್ಯಾತ್ಗಿತ್ತಿ. ಅವಳ ಮಗನೇ ಕಿಡಿಯ ಅಪ್ಪ. ಬಂದರಿನವರು ಅವನನ್ನು ಗೋಡೆ ಅಂತಲೇ ಕರೆದರು, ಯಾವ ಕಡೆಗೂ ವಾಲುತ್ತಿರಲಿಲ್ಲವಲ್ಲ, ಅದಕ್ಕೆ. ಪರದೇಶದ ಅಡುಗೆಯವನೊಬ್ಬ ಗೋಡೆಯ ಸ್ವಂತ ತಮ್ಮನ ಮೇಲೆ ಸಾಕ್ಷಿ ನುಡಿದಾಗ, ಆ ಮಾತನ್ನು ಕೋರ್ಟಿನಲ್ಲಿ ಒಂದಕ್ಷರ ನುಂಗದೆ ದಾಟಿಸಿದವನು ಅವನೇ. ತಮ್ಮ ಜೈಲಿಗೆ ಹೋದ. ಆ ತಮ್ಮನ ಹೆಂಡತಿ ಸಾಯುವವರೆಗೂ ಈ ಮನೆಯ ಹೊಸ್ತಿಲು ತುಳಿಯಲಿಲ್ಲ.

ಇಂಥ ಮನೆತನದ ಹೆಣ್ಣನ್ನು ತಂದು ತಕ್ಕಡಿಗೆ ಹಾಕಿದರು. ಹಾಕಿದವನಾದರೂ ಯಾರು? ಹೊರಗಿನವನಲ್ಲ, ಅಕ್ಕನ ಗಂಡ.

ಆ ಕಥೆಗೆ ಮೊದಲು ಆ ಮನೆಯ ಕಟ್ಟಳೆ ಹೇಳಬೇಕು. ದುಭಾಷಿಯಾದವನು ನಡುವೆ ನಿಲ್ಲಬೇಕು, ಯಾವ ಕಡೆಯ ಕುರ್ಚಿಯಲ್ಲೂ ಕೂರಬಾರದು. ಮಾತು ಮುಗಿಯುವ ತನಕ ಯಾರ ಚಹಾವನ್ನೂ ಮುಟ್ಟಬಾರದು. ಎಲ್ಲಕ್ಕಿಂತ ಮುಖ್ಯ, ಬಂದ ಮಾತನ್ನು ಬಂದ ಹಾಗೇ ದಾಟಿಸಬೇಕು. "ಹೂವು ಕೊಟ್ಟರೆ ಹೂವು ದಾಟಿಸು, ಸಗಣಿ ಕೊಟ್ಟರೆ ಸಗಣಿ ದಾಟಿಸು. ದಾರೀಲಿ ತೊಳೆಯೋ ಕೆಲಸ ನಮ್ಮದಲ್ಲ" ಅಂತ ಗೋಡೆ ಮಗಳಿಗೆ ಹೇಳಿ ಹೇಳಿಯೇ ಬೆಳೆಸಿದ್ದ.

ಕಿಡಿಗೆ ಆ ಹೆಸರು ಬಂದದ್ದು ಸ್ವಭಾವದಿಂದ. ನಾವಿಕರ ದೂರು ಕೇಳುವ ಸರ್ಕಾರಿ ಕಚೇರಿಯಲ್ಲಿ ಅವಳಿಗೆ ದುಭಾಷಿ ಕೆಲಸ. ಉದ್ದನೆಯ ಕೋಣೆ, ಉದ್ದನೆಯ ಮೇಜು. ಈ ಕಡೆ ಹಡಗು ಕಂಪನಿಯವರು, ಆ ಕಡೆ ಉಪ್ಪುಗಾಳಿಗೆ ಚರ್ಮ ಸುಕ್ಕಾದ ನಾವಿಕರು, ಮೇಜಿನ ತುದಿಯಲ್ಲಿ ಅಧಿಕಾರಿ. ಕಿಡಿ ನಿಲ್ಲುತ್ತಿದ್ದ ಜಾಗದಲ್ಲಿ ನೆಲದ ಬಣ್ಣ ಎದ್ದು ಕೆಳಗಿನ ಸಿಮೆಂಟು ಕಾಣುತ್ತಿತ್ತು. ಸಂಜೆ ಮನೆಗೆ ಬಂದರೆ ಕಾಲು ಊದಿ ಚಪ್ಪಲಿಯ ಪಟ್ಟಿ ಅಚ್ಚೊತ್ತಿರುತ್ತಿತ್ತು.

ಒಂದು ದಿನ ರಾಜಧಾನಿಯಿಂದ ಹೊಸ ಅಧಿಕಾರಿ ಬಂದ. ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ಎರಡು ದೇಶಗಳ ನಡುವೆ ನಾವಿಕರ ಬಗ್ಗೆ ಆಗಬೇಕಾದ ಒಪ್ಪಂದದ ಮಾತುಕತೆ ಅವನ ಕೈಯಲ್ಲಿತ್ತು. ಆ ಕಡೆಯವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿದ. ನಾವಿಕರಿಗೆ ಬೇಕಾದದ್ದು ಒಂದನ್ನೂ ಕೇಳಲಿಲ್ಲ. ಕೇಳಬೇಕೆಂದು ಕಿಡಿಯ ನಾಲಿಗೆ ತುರಿಸುತ್ತಿತ್ತು. ಆದರೆ ನಡುವೆ ನಿಂತವಳಿಗೆ ಸ್ವಂತ ಮಾತು ಎಲ್ಲಿಯದು? ಬಾಯಿ ಅವಳದು, ಮಾತು ಕಂಡವರದು. ಮೀಸೆ ಮೂಡದವನು ಓದಿದ್ದು ರಾಜಧಾನಿಯ ದೊಡ್ಡ ಶಾಲೆಯಲ್ಲಿ, ಅಂತರರಾಷ್ಟ್ರೀಯ ವ್ಯವಹಾರಗಳ ಕೋರ್ಸಿನಲ್ಲಿ, ಅಂತ ಆಮೇಲೆ ಗೊತ್ತಾಯಿತು. ಆವತ್ತು ಮನೆಗೆ ಬಂದವಳೇ ಚಪ್ಪಲಿಯನ್ನು ಮೂಲೆಗೆ ಎಸೆದು ಅಕ್ಕನಿಗೆ ಹೇಳಿದಳು: "ಮೂರು ತಲೆಮಾರು ಕಂಡವರ ಮಾತು ಹೊತ್ತದ್ದು ಸಾಕು. ಆ ಕೋರ್ಸಿಗೆ ನಾನೂ ಅರ್ಜಿ ಹಾಕ್ತೀನಿ. ಒಂದು ಸಲ ಮೇಜಿನ ಹತ್ತಿರ ಕೂತು ನನ್ನ ಮಾತು ನಾನೇ ಆಡ್ತೀನಿ."

ವಯಸ್ಸಿನ ಮಿತಿ ಅನ್ನುವುದೊಂದಿತ್ತು. ಈ ವರ್ಷ ತಪ್ಪಿದರೆ ಮತ್ತೆ ಬಾಗಿಲಿಲ್ಲ. ಕಚೇರಿಯ ಸಾಹೇಬನಿಂದ ಎರಡು ಸಾಲು ಶಿಫಾರಸು ಬರೆಸಿಕೊಂಡು ಅರ್ಜಿ ಹಾಕಿಯೇಬಿಟ್ಟಳು.

ಅಲ್ಲಿಂದ ಶುರುವಾಯಿತು ಭಾವನ ತೂಕ. ಬಂದರಿನ ಬಾಗಿಲಲ್ಲಿ ಲಾರಿ ತೂಗುವ ಕಾಟಾ ಅವನ ವಶದಲ್ಲಿತ್ತು. ಖಾಲಿ ಲಾರಿ ತೂಗುವುದು, ತುಂಬಿದ ಲಾರಿ ತೂಗುವುದು, ಅದರಲ್ಲಿ ಇದನ್ನು ಕಳೆಯುವುದು, ಇದನ್ನೇ ಮಾಡಿ ಮಾಡಿ ಜಗತ್ತಿನಲ್ಲಿರುವುದೆಲ್ಲ ಹೀಗೇ ತೂಗಬಹುದು ಅನ್ನುವ ಭ್ರಮೆ ಅವನಿಗೆ ಹತ್ತಿತ್ತು. ಪಕ್ಕದ ಮನೆಯ ಮುದುಕ ಬದುಕುತ್ತಾನೋ ಇಲ್ಲವೋ, ಎದುರುಮನೆಯ ಹುಡುಗಿಗೆ ಗಂಡು ಒಪ್ಪುತ್ತದೋ ಇಲ್ಲವೋ, ಎಲ್ಲಕ್ಕೂ ನೂರಕ್ಕೆ ಇಷ್ಟು ಅಂತ ಲೆಕ್ಕ ಒಪ್ಪಿಸುತ್ತಿದ್ದ. ಕೆಟ್ಟವನಲ್ಲ. ಆದರೆ ಒಳ್ಳೆಯವರ ಕೈಗೆ ತಕ್ಕಡಿ ಸಿಕ್ಕಿದರೆ ಕೆಟ್ಟವರಿಗಿಂತ ಹೆಚ್ಚು ಹಾಳು ಮಾಡುತ್ತಾರೆ.

ಅಡುಗೆಮನೆಯಲ್ಲಿ ಕಾಲು ಮಡಚಿ ಕೂತು ಅವನು ಶುರುಮಾಡಿದ. "ನೋಡು ಕಿಡಿ, ವಿಚಾರಿಸಿದೀನಿ. ಸಾವಿರಾರು ಜನ ಅರ್ಜಿ ಹಾಕ್ತಾರೆ, ಒಂದು ಬಸ್ಸಿಗಾಗೋವಷ್ಟು ಜನಾನ ತಗೋತಾರೆ. ನಿನ್ನ ಅಂಕ ಸುಮಾರು. ಅಪ್ಪ ಹಾಸಿಗೆ ಹಿಡಿದಾಗ ಓದು ಬಿಟ್ಟೆ, ಅದು ಖಾಲಿ ಲಾರಿ ತೂಕ, ಕಳೀಲೇಬೇಕು."

"ಅಪ್ಪನ ಸೇವೆ ಮಾಡಿದ್ದು ಖಾಲಿ ಲಾರಿನಾ ಭಾವ?"

"ನಾನು ಹೇಳ್ತಿರೋದಲ್ಲಮ್ಮ, ಅವರು ಹಾಗೆ ನೋಡ್ತಾರೆ ಅಂತ. ಏಳು ಭಾಷೆ ಬರುತ್ತೆ, ಅದನ್ನ ಕೂಡಿಸು. ಆದರೆ ಅದಕ್ಕೆ ಸರ್ಟಿಫಿಕೇಟಿಲ್ಲ, ಅರ್ಧ ಕಳಿ. ಎಲ್ಲಾ ಸೇರಿ ನೂರಕ್ಕೆ ಎಂಟು. ಎಂಟೂವರೆ ಅಂತಿಟ್ಕೋ, ನಾದಿನಿ ಅಂತ."

ಅಕ್ಕ ಒಲೆಯ ಮುಂದಿನಿಂದ ತಿರುಗಿ ನೋಡಿದಳು. "ನಮ್ಮ ಮದುವೆಗೂ ಮುಂಚೆ ಇವರು ನೂರಕ್ಕೆ ಅರವತ್ತು ಅಂದಿದ್ರು ಕಣೆ. ಉಳಿದ ನಲವತ್ತನ್ನ ನಾನು ಇವತ್ತಿಗೂ ಹೊರ್ತಿದೀನಿ."

ಕಿಡಿ ನಗಲಿಲ್ಲ. ಕುದಿಯುವ ಎಣ್ಣೆಗೆ ನೀರು ಬಿದ್ದಂತೆ ಸಿಡಿದಳು. "ಭಾವ, ನಿಮ್ಮ ಕಾಟಾದ ಮೇಲೆ ಜಲ್ಲಿ ತೂಗಿ, ಕಲ್ಲಿದ್ದಲು ತೂಗಿ, ನಾನು ಬೇಡ ಅನ್ನಲ್ಲ. ನನ್ನನ್ನ ಹತ್ತಿಸಬೇಡಿ. ನಾನು ಎಷ್ಟಕ್ಕೆ ಸಿಗ್ತೀನಿ ಅಂತ ಕೇಳೋಕೆ ಇಲ್ಲಿ ಯಾರೂ ಬಂದಿಲ್ಲ."

"ಕೋಪ ಯಾಕೆ? ಉಪಾಯಾನೂ ತಂದಿದೀನಿ ಕೇಳು," ಅಂದ ಭಾವ, ಏನೂ ಆಗದವನ ಹಾಗೆ. "ನಿನ್ನ ಕೆಲಸ ಕಣ್ಣಾರೆ ಕಂಡ ದೊಡ್ಡವರೊಬ್ಬರ ಶಿಫಾರಸು ಬೇಕಂತೆ. ನಿಮ್ಮ ಸಾಹೇಬ ಬರೆದ ಎರಡು ಸಾಲಿಗೆ ಹುಲ್ಲುಕಡ್ಡಿಯಷ್ಟೂ ತೂಕ ಇಲ್ಲ. ಹಡಗಿನ ಧಣಿ ಇದಾರಲ್ಲ, ಅವರು ಆ ಶಾಲೆಯ ಆಡಳಿತ ಮಂಡಳೀಲಿ ಇದಾರೆ. ಹೋದ ವರ್ಷ ಅವರ ಹಡಗಿನವರು ಮುಷ್ಕರ ಮಾಡಿದಾಗ ನಡುವೆ ನಿಂತವಳು ನೀನೇ ತಾನೆ? ಅವರೊಂದು ಮಾತು ಹಾಕಿದರೆ ಎಂಟು ಹೋಗಿ ಎಂಬತ್ತಾಗುತ್ತೆ."

ಕಿಡಿಗೆ ಆಸೆ ಹುಟ್ಟಿತು. ಕೋಪವೇನೂ ಇಳಿದಿರಲಿಲ್ಲ. ಇದ್ದದ್ದನ್ನು ಇದ್ದಂಗೆ ಹೇಳಿ ಅಂತ ಕೇಳಿದರೆ ತಪ್ಪೇನು? ಧಣಿ ಅವಳ ಕೆಲಸ ನೋಡಿದ್ದರು. ಕಂಡದ್ದನ್ನು ಹೇಳಲಿ. ತನ್ನ ದುಡಿಮೆಗೆ ಒಬ್ಬ ಸಾಕ್ಷಿ ಬೇಕು, ಅಷ್ಟೇ. ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡು, ಅಕ್ಕನ ಒಳ್ಳೆಯ ಸೀರೆ ಉಟ್ಟು, ಭಾವನ ಸ್ಕೂಟರಿನ ಹಿಂದೆ ಕೂತಳು. ಹಸಿದವನಿಗೆ ದಾರಿ ಕೇಳಲು ನಾಚಿಕೆಯೇ?

ಧಣಿಯ ಕಚೇರಿ ಮೇಲಿನ ಅಂತಸ್ತಿನಲ್ಲಿತ್ತು. ಗಾಜಿನ ಗೋಡೆಯಾಚೆ ಕ್ರೇನುಗಳು, ಹಡಗುಗಳು, ಇರುವೆಯಷ್ಟು ಮನುಷ್ಯರು. ಅಲ್ಲಿಂದ ನೋಡಿದರೆ ಯಾರ ಮುಖವೂ ಕಾಣುತ್ತಿರಲಿಲ್ಲ. ಧಣಿ ಕಾಲ ಮೇಲೆ ಕಾಲು ಹಾಕಿಕೊಂಡು, "ಬಾಮ್ಮ ಬಾ, ಕೂತ್ಕೋ. ನಿನ್ನ ಋಣ ನನ್ನ ಮೇಲಿದೆ," ಅಂದರು. ಕಿಡಿ ಕೂತಳು. ಭಾವ ಕೂರಲೋ ನಿಲ್ಲಲೋ ತಿಳಿಯದೆ ಕುರ್ಚಿಯ ಬೆನ್ನು ಹಿಡಿದು ನಿಂತ.

"ಋಣ ಏನು ಬಂತು ಧಣಿ, ಅದು ನನ್ನ ಕೆಲಸ."

"ಕೆಲಸ ಎಲ್ಲರೂ ಮಾಡ್ತಾರೆ. ನೀನು ಬುದ್ಧಿವಂತಿಕೆ ಮಾಡಿದೆ. ನನಗೆ ಮೂಗಿನ ತುದೀಲಿ ಕೋಪ. ಆವತ್ತು ಬಾಯಿಗೆ ಬಂದದ್ದನ್ನೆಲ್ಲ ಅಂದು ಎದ್ದು ಹೋದೆ. ಬಾಗಿಲಾಚೆ ನಿಂತು ಕೇಳ್ತೀನಿ, ಒಳಗೆ ಅವರೆಲ್ಲ ನಗ್ತಿದಾರೆ! ಆಗಲೇ ಗೊತ್ತಾಯ್ತು, ಈ ಹುಡುಗಿ ನನ್ನ ಬೈಗುಳ ನುಂಗಿ ಏನೋ ಬೆಲ್ಲದಂಥ ಮಾತು ಹೇಳಿದಾಳೆ ಅಂತ. ಆಮೇಲೆ ನೀನು ಒಂದೇ ಒಂದು ನೀರಿನ ಟ್ಯಾಂಕಿಗೆ ಅವರನ್ನ ಒಪ್ಪಿಸಿಬಿಟ್ಟೆ. ನಡುವೆ ಬೇರೆಯವರು ನಿಂತಿದ್ದರೆ ಆ ನಾವಿಕರು ಇನ್ನೂ ಏನೇನು ಕೇಳ್ತಿದ್ರೋ. ನಮ್ಮ ಕಡೆಯವಳು ನೀನು. ಇದನ್ನೇ ಹೇಳಿ ಈಗಲೇ ಫೋನು ಮಾಡ್ತೀನಿ. ಎರಡು ಕಡೆಯವರ ಮುಂದೆ ನಿಂತು ನಮ್ಮವರ ಕೆಲಸ ಸದ್ದಿಲ್ಲದೆ ಸಾಧಿಸೋ ಇಂಥವರೇ ಆ ಕೋರ್ಸಿಗೆ ಬೇಕು."

ಭಾವನ ಮುಖ ಅರಳಿತು. ಕಿಡಿಯ ಮುಖ ಸುಟ್ಟ ಇಟ್ಟಿಗೆಯಾಯಿತು.

ಆವತ್ತು ನಡೆದದ್ದು ಇದು. ತುಕ್ಕು ಹಿಡಿದ ಟ್ಯಾಂಕಿನ ಕೆಂಪು ನೀರು ಕುಡಿದು ನಾವಿಕರ ಹೊಟ್ಟೆ ಕೆಟ್ಟಿತ್ತು. ಟ್ಯಾಂಕು ಬದಲಿಸುವ ತನಕ ಹಡಗು ಬಿಡುವುದಿಲ್ಲ ಅಂತ ಕೂತಿದ್ದರು. ವಾರಗಟ್ಟಲೆ ಕಂಪನಿಯಿಂದ ಬೆಣ್ಣೆ ಸವರಿದ ಕಾಗದಗಳು ಬಂದವೇ ಹೊರತು ನೀರು ಬರಲಿಲ್ಲ. ಕೊನೆಗೆ ಧಣಿಯೇ ಬಂದು, ಮೇಜು ಗುದ್ದಿ, "ಇವರ ತಾಯಂದಿರು ಇವರನ್ನ ಹೆರೋ ಬದಲು ಒಂದೊಂದು ಕಲ್ಲು ಹೆತ್ತಿದ್ದರೆ ಬಟ್ಟೆ ಒಗೆಯೋಕಾದರೂ ಆಗ್ತಿತ್ತು, ಎಂಜಲು ತಿಂದು ಕೊಬ್ಬಿದ ನಾಯಿಗಳು" ಅಂತ ಕೂಗಿ, ಬಾಗಿಲು ಬಡಿದು ಹೋದರು. ಕಿಡಿ ಅಷ್ಟನ್ನೂ ದಾಟಿಸಿದಳು. ಕಲ್ಲು, ಬಟ್ಟೆ, ಎಂಜಲು, ನಾಯಿ, ಒಂದನ್ನೂ ಬಿಡದೆ, ಅದೇ ಏರುದನಿಯಲ್ಲಿ. ಆಮೇಲೆ ನಾವಿಕರಲ್ಲಿ ಹಿರಿಯ, ಹಲ್ಲಿಲ್ಲದ ಬಾಯಿ ತೆರೆದು, "ನಮ್ಮಮ್ಮನೂ ನನಗೆ ಇದನ್ನೇ ಅಂತಿದ್ದಳು. ಅಂತೂ ಕಾಗದ ಬಿಟ್ಟು ಮನುಷ್ಯನ ಥರ ಮಾತಾಡಿದ" ಅಂದ. ಎಲ್ಲರೂ ಗೊಳ್ಳೆಂದು ನಕ್ಕರು. ಕಿಡಿ ಅದನ್ನೂ ಈ ಕಡೆಗೆ ದಾಟಿಸಿದಳು, ಆದರೆ ಅಷ್ಟರಲ್ಲಿ ಧಣಿ ಬಾಗಿಲಾಚೆಯಿಂದಲೂ ಹೊರಟುಹೋಗಿದ್ದರು. ಕಂಪನಿಯ ಮ್ಯಾನೇಜರ್ ಕೇಳಿಸಿಕೊಂಡ, ಆದರೆ ಧಣಿಗೆ ಹೇಳುವ ಎದೆ ಅವನಿಗೆಲ್ಲಿ? ನಾವಿಕರು ಮೊದಲಿಂದ ಕೇಳಿದ್ದೂ ಒಂದು ಟ್ಯಾಂಕನ್ನೇ, ಪಡೆದದ್ದೂ ಅದನ್ನೇ.

ಈಗ ನೋಡಿ ಅನ್ಯಾಯ. ಮೂರು ತಲೆಮಾರು ಬೆರಳು ಕೊಟ್ಟು, ತಮ್ಮನನ್ನು ಕೊಟ್ಟು ಉಳಿಸಿಕೊಂಡ ಬಾಯಿ. ಆ ಬಾಯಿ ಗುಟ್ಟಾಗಿ ಧಣಿಗೆ ದುಡಿಯಿತು ಅಂತ ಹೊಗಳಿಕೆ! ಬೈದಿದ್ದರೆ ಸಹಿಸಬಹುದಿತ್ತು. ಇದು ಸತ್ಕಾರದ ಹೆಸರಲ್ಲಿ ಮುಖಕ್ಕೆ ಮಸಿ ಬಳಿದದ್ದು. ಆ ಹಲ್ಲಿಲ್ಲದ ಮುದುಕನಿಗೆ ಇದು ಗೊತ್ತಾದರೆ ಅವನು ಏನಂದುಕೊಂಡಾನು? ನಮ್ಮ ಮಾತನ್ನೂ ಇವಳು ಹೀಗೇ ಕಲಬೆರಕೆ ಮಾಡಿದಳು ಅಂದುಕೊಳ್ಳುವುದಿಲ್ಲವೇ?

ಧಣಿಯ ಕೈ ಫೋನಿನ ಕಡೆ ಹೋಯಿತು. ಕಿಡಿ ಎದ್ದಳು.

"ಕಿಡಿ," ಭಾವ ಹಲ್ಲು ಕಚ್ಚಿ ಪಿಸುಗುಟ್ಟಿದ. "ಅವರಾಗೇ ಒಳ್ಳೇದು ಹೇಳ್ತಿದಾರೆ. ಹೂಂ ಅಂದುಬಿಡು. ಏನು ಕಳ್ಕೋತೀಯ? ಇದೇ ಕೊನೇ ವರ್ಷ ಕಣೆ!"

"ನೀವು ಸುಮ್ನಿರಿ ಭಾವ. ಕೊನೇ ವರ್ಷ ಅಂತ ನನಗೂ ಗೊತ್ತು." ರಾಜಧಾನಿಯ ಆ ಶಾಲೆಯ ಬಾಗಿಲು ಕಣ್ಣೆದುರೇ ಮುಚ್ಚಿಕೊಳ್ಳುತ್ತಿರುವುದು ಅವಳಿಗೆ ಚೆನ್ನಾಗಿ ಕಾಣುತ್ತಿತ್ತು. ಕಾಣುತ್ತಿದ್ದಷ್ಟೂ ಕೋಪ ಏರಿತು. ಧಣಿಯ ಮೇಲೆ, ಭಾವನ ಮೇಲೆ, ಒಳ್ಳೆಯ ಸೀರೆ ಉಟ್ಟು ಇಲ್ಲಿಗೆ ಬಂದ ತನ್ನ ಮೇಲೂ.

"ಯಾಕಮ್ಮ, ಎದ್ದೆ?" ಧಣಿಗೆ ಅರ್ಥವಾಗಲಿಲ್ಲ. "ಹೇಳಿದ್ದು ಕಡಿಮೆ ಆಯ್ತೇನು? ಇನ್ನಷ್ಟು ಸೇರಿಸಿ ಹೇಳ್ತೀನಿ ಬಿಡು."

ಕಿಡಿ ಮೇಜಿನ ಮೇಲೆ ಬಾಗಿ, ಫೋನಿನ ಮೇಲೆ ಅಂಗೈ ಊರಿದಳು.

"ಕಡಿಮೆ ಆಗಿಲ್ಲ ಧಣಿ, ಆಗದೇ ಇದ್ದದ್ದನ್ನೇ ಹೇಳಿದ್ರಿ. ಆವತ್ತು ನಿಮ್ಮ ಬೈಗುಳ ನಾನು ನುಂಗಲಿಲ್ಲ. ಅವರ ತಾಯಂದಿರು ಕಲ್ಲು ಹೆರಬೇಕಿತ್ತು ಅಂದ್ರಲ್ಲ, ನಾಯಿಗಳು ಅಂದ್ರಲ್ಲ, ಅಷ್ಟನ್ನೂ ಅವರ ಮುಖಕ್ಕೆ ಹೇಳಿದೆ, ನೀವು ಕೂಗಿದ ಹಾಗೇ ಕೂಗಿ ಹೇಳಿದೆ. ಅವರು ನಕ್ಕಿದ್ದು ನನ್ನ ಬೆಲ್ಲಕ್ಕಲ್ಲ, ನಿಮ್ಮ ಸಿಟ್ಟಿಗೆ. ನಿಮ್ಮ ಮ್ಯಾನೇಜರನ್ನ ಕರೆದು ಕೇಳಿ, ಧೈರ್ಯ ಇದ್ದರೆ ಹೇಳ್ತಾನೆ. ನಾನು ನಿಮ್ಮ ಕಡೆಯವಳಲ್ಲ, ಅವರ ಕಡೆಯವಳೂ ಅಲ್ಲ. ನಿಮ್ಮ ಸಹಾಯ ನನಗೆ ಬೇಡ. ಸೀಟು ಸಿಗದಿದ್ದರೆ ಸಿಗದೇ ಹೋಗಲಿ. ನೀವು ಫೋನು ಮಾಡಿದ್ದು ನನ್ನ ಕಿವಿಗೆ ಬಿತ್ತೋ, ಅದೇ ದಿನ ರಾಜಧಾನಿಗೆ ಹೋಗಿ ನನ್ನ ಅರ್ಜಿ ನಾನೇ ವಾಪಸು ತಗೋತೀನಿ."