ಒಂದು ಹಲ್ಲಿನಷ್ಟು ಈಚೆಗೆ

ವ್ಯಾನು ಸ್ಟಾರ್ಟ್ ಆಗುವುದರಲ್ಲಿ ಏನೂ ತಕರಾರಿರಲಿಲ್ಲ. ಸಪಾಟು ರಸ್ತೆಯಲ್ಲಿ ಓಟ ಸಿಕ್ಕಿದ ಮೇಲೆ ಸದ್ದಿಲ್ಲದೆ ಹೋಗುತ್ತಿತ್ತು. ಆಸ್ಪತ್ರೆಯ ಏರು ಕಂಡರೆ ಮಾತ್ರ ಮೊಂಡು ಎಮ್ಮೆಯ ಹಾಗೆ ಕಾಲೂರಿ ನಿಲ್ಲುತ್ತಿತ್ತು. ಎಂಜಿನ್ನಿನ ವಾಲ್ವುಗಳನ್ನು ತೆರೆದು ಮುಚ್ಚುವ ಅದರ ಸವೆದ ಕ್ಯಾಮ್‌ಶಾಫ್ಟ್ ತೆಗೆದು ಹೊಸದನ್ನು ಹಾಕಿದವರು ರಿಪೇರಿ ಶೆಡ್ಡಿನ ಮೇಸ್ತ್ರಿಯೇ. ಹಾಕಿ ಐದು ದಿನವಾಗಿತ್ತು.

ವ್ಯಾನು ಓಡಿಸುವ ಹೆಂಗಸು ಸತತ ಎರಡನೇ ದಿನವೂ ಬೆಳಗ್ಗೆಯೇ ಶೆಡ್ಡಿಗೆ ಬಂದು ಕೀಲಿಯನ್ನು ಮೇಜಿನ ಮೇಲೆ ಕುಕ್ಕಿದಳು.

"ಶಾಫ್ಟ್ ಹಾಕೋಕೆ ಮುಂಚೆ ಟಕಟಕ ಅಂತಾದ್ರೂ ಹತ್ತುತಿತ್ತು ಮೇಸ್ತ್ರಿ. ಈಗ ಸದ್ದೂ ಇಲ್ಲ, ಪಿಕಪ್ಪೂ ಇಲ್ಲ."

"ಹೊಸ ಶಾಫ್ಟ್ ಅಲ್ವೇನಮ್ಮ, ಸ್ವಲ್ಪ ಪಳಗಬೇಕು."

"ಪಳಗೋಕೆ ಅದೇನು ಹೊಸ ಸೊಸೆನಾ?"

ಮೇಸ್ತ್ರಿ ನಗಲಿಲ್ಲ. ಆಕೆಯೂ ನಗಿಸಲು ಹೇಳಿರಲಿಲ್ಲ. ವಾರಕ್ಕೆ ಮೂರು ದಿನ ಆರು ಮಂದಿಯನ್ನು ಡಯಾಲಿಸಿಸ್‌ಗೆ ಕರೆದೊಯ್ಯುವ ವ್ಯಾನು ಅದು. ಮೊನ್ನೆ ಅರ್ಧ ಏರಿನಲ್ಲಿ ಅದು ಕೈಚೆಲ್ಲಿದಾಗ, ಭಾರ ಕಡಿಮೆಯಾಗಲೆಂದು ಇಬ್ಬರು ಇಳಿದು ನಡೆದಿದ್ದರು. ಅವರಲ್ಲೊಬ್ಬರು ನಿವೃತ್ತ ಮಾಸ್ತರು. ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ರಸ್ತೆಯಂಚಿನಲ್ಲೇ ಕುಸಿದು ಕೂತಿದ್ದರು.

"ನಾಳೆ ಏಳು ಗಂಟೆಗೆ ಮತ್ತೆ ಆರು ಜನ. ಅವರನ್ನ ಇನ್ನೊಂದ್ಸಲ ಇಳಿಸೋಕೆ ನನ್ನ ಕೈಲಾಗಲ್ಲ," ಎಂದು ಆಕೆ ಗೋಡೆಬದಿಯ ಬೆಂಚಿನ ಮೇಲೆ ಕೂತಳು. ಕೆಲಸ ಮುಗಿಯುವ ತನಕ ಏಳುವವಳಲ್ಲ ಎಂಬುದು ಆ ಕೂತ ರೀತಿಯಲ್ಲೇ ಇತ್ತು.

ಮೇಸ್ತ್ರಿಗೆ ಅರವತ್ತೊಂದು. ಹದಿನಾಲ್ಕನೇ ವಯಸ್ಸಿಗೆ ಅಕ್ಕನ ಮನೆಗೆ ಬಂದವರು ಭಾವನ ಕೈಕೆಳಗೆ ಸ್ಪ್ಯಾನರ್ ಹಿಡಿದರು. ಭಾವ ಮಾತಿಗಿಂತ ಕೈಯನ್ನೇ ಹೆಚ್ಚು ಬಳಸುತ್ತಿದ್ದ ಮನುಷ್ಯ. ಹುಡುಗ ನಿಂತುಕೊಂಡು ಎಂಜಿನ್ನಿನ ಗುರುತಿನ ಗೆರೆ ನೋಡಿದರೆ ಕತ್ತು ಹಿಡಿದು ಬಗ್ಗಿಸುತ್ತಿದ್ದ. "ಕಣ್ಣು ಗೆರೆಯ ನೇರಕ್ಕೆ ಬರ್ಬೇಕೋ. ಮೇಲಿಂದ ನೋಡಿದ್ರೆ ಗೆರೆ ನಿಂಗೆ ಬೇಕಾದ ಕಡೆ ಕಾಣುತ್ತೆ." ಭಾವ ತೀರಿಕೊಂಡ ಮೇಲೆ ಶೆಡ್ಡು ಇವರದಾಯಿತು. ಇವರು ಕಳಿಸಿದ ಗಾಡಿ ಅದೇ ದೂರಿಗೆ ವಾಪಸು ಬಂದದ್ದು ಅಪರೂಪ.

ಎರಡು ವರ್ಷದಿಂದ ಬಲಗಾಲಿನ ಮಂಡಿ ಮಡಚುತ್ತಿರಲಿಲ್ಲ. ಇದು ಹೆಂಡತಿಗೆ ಮಾತ್ರ ಗೊತ್ತು. ನೆಲದ ಮೇಲಿದ್ದ ಪೆಟ್ಟಿಗೆಗಳೆಲ್ಲ ಒಂದೊಂದಾಗಿ ಸೊಂಟದ ಎತ್ತರದ ಹಲಗೆ ಸೇರಿದ್ದವು. ಗಾಡಿಯ ಅಡಿಗೆ ಇಳಿಯುವ ಗುಂಡಿಯನ್ನು ಹಲಗೆ ಹಾಸಿ ಮುಚ್ಚಿದ್ದರು. ಕೇಳಿದವರಿಗೆ "ಇಲಿ ಬೀಳ್ತಾವೆ" ಎನ್ನುತ್ತಿದ್ದರು. "ಇಲಿಗೆ ಹೆದರೋ ಗಂಡು," ಎಂದು ಹೆಂಡತಿ ಮಂಡಿಗೆ ಎಣ್ಣೆ ಹಚ್ಚುವಾಗ ಚುಚ್ಚುತ್ತಿದ್ದಳು.

ಪೆಟ್ರೋಲ್ ಫಿಲ್ಟರ್, ಪ್ಲಗ್ಗು, ವಾಲ್ವಿನ ಸಂದು, ಎಲ್ಲವನ್ನೂ ಹಿಂದಿನ ದಿನವೇ ನೋಡಿಯಾಗಿತ್ತು. ಇವತ್ತು ಮೇಸ್ತ್ರಿ ಪ್ಲಗ್ಗುಗಳನ್ನು ಬಿಚ್ಚಿ, ಒಂದೊಂದೇ ಸಿಲಿಂಡರಿನ ಒತ್ತಡ ಅಳೆದರು. ಒಂದು ಕಡಿಮೆ ಬಂದಿದ್ದರೆ ಆ ವಾಲ್ವು ಕೂರುತ್ತಿಲ್ಲವೆಂದು ಹಿಡಿಯಬಹುದಿತ್ತು. ನಾಲ್ಕೂ ಕಡಿಮೆ. ಅದೂ ಮಾತಾಡಿಕೊಂಡ ಹಾಗೆ ಒಂದೇ ಸಮ. ಪ್ಲಗ್ಗಿನ ತೂತಿನಿಂದ ಒಂದಿಷ್ಟು ಆಯಿಲ್ ಬಿಟ್ಟು ಮತ್ತೆ ಅಳೆದರು. ಪಿಸ್ಟನ್ನಿನ ರಿಂಗು ಸವೆದಿದ್ದರೆ ಗೇಜಿನ ಮುಳ್ಳು ಮೇಲೇರಬೇಕು. ಏರಲಿಲ್ಲ.

ಗೇಜನ್ನು ಕೈಯಲ್ಲಿ ಹಿಡಿದು ಮೇಸ್ತ್ರಿ ಹಾಗೇ ನಿಂತರು. ನಾಲ್ಕನ್ನೂ ಒಟ್ಟಿಗೆ ಆಳುವುದು ಒಂದೇ, ಒಳಮೈ ತುಂಬ ಹಲ್ಲಿರುವ ಟೈಮಿಂಗ್ ಬೆಲ್ಟು. ಮೇಲಿನ ಶಾಫ್ಟಿನ ಗೆರೆ, ಕೆಳಗಿನ ಪುಲ್ಲಿಯ ಗೆರೆ, ಎರಡನ್ನೂ ಅವುಗಳ ಗುರುತಿಗೆ ಕೂಡಿಸಿ ಬೆಲ್ಟು ಹಾಕಬೇಕು. ಹಾಕಿದ್ದು ತಾವೇ. ಮೂರು ಸಲ ನೋಡಿದ್ದೂ ತಾವೇ. ಈಗ ನಾಲ್ಕನೇ ಸಲ ಬೋನೆಟ್ಟಿನ ಮೇಲಿಂದ ಬಾಗಿ ಟಾರ್ಚು ಬಿಟ್ಟರು. ಮೇಲಿನದು ಸರಿ. ಕೆಳಗಿನದೂ ಸರಿ.

ಮೇಲಿಂದ ಸರಿ.

ಕತ್ತಿನ ಹಿಂಬದಿಯಲ್ಲಿ ಭಾವನ ಕೈ ಬಿದ್ದ ಹಾಗಾಯಿತು. ಮೇಸ್ತ್ರಿ ಟಾರ್ಚು ಆರಿಸಿ, ಬೆಂಚಿನ ಕಡೆ ತಿರುಗಿದರು.

"ಅಮ್ಮಾ, ಒಂಚೂರು ಬಾ. ಈ ಗೋಣಿ ಮೇಲೆ ಕೂತು, ಚಕ್ರದ ಕಡೆಯಿಂದ ಕೆಳಗಿನ ಪುಲ್ಲಿ ನೋಡು. ಬಿಳಿ ಗೆರೆ ಕಾಣ್ತಾ?"

ಆಕೆ ಸೆರಗು ಸಿಕ್ಕಿಸಿ ಮಂಡಿಯೂರಿದಳು. "ಕಾಣ್ತು."

"ಹಿಂದಗಡೆ ಕಚ್ಚಿನ ನೇರಕ್ಕಿದ್ಯಾ?"

"ಇಲ್ಲ. ಒಂದು ಹಲ್ಲಿನಷ್ಟು ಈಚೆಗಿದೆ."

"ಸರಿಯಾಗಿ ನೋಡು."

"ಮೂಗು ತಾಗೋ ಹಾಗೆ ನೋಡ್ತಿದೀನಿ ಮೇಸ್ತ್ರಿ. ನಂಬಿಕೆ ಇಲ್ದಿದ್ರೆ ನೀವೇ ಬಗ್ಗಿ ನೋಡಿ."

ಶೆಡ್ಡಿನ ತಗಡು ಬಿಸಿಲಿಗೆ ಚಟ್ ಎಂದಿತು. ಮೇಸ್ತ್ರಿ ಚಿಂದಿ ಬಟ್ಟೆಯಲ್ಲಿ ಕೈ ಒರೆಸಿಕೊಂಡರು. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡರು.

"ನಂಗೆ ಬಗ್ಗೋಕಾಗಲ್ಲಮ್ಮ. ಎರಡು ವರ್ಷ ಆಯ್ತು. ನಿಂತೇ ನೋಡಿ ಹಾಕ್ದೆ. ತಪ್ಪು ನಂದೇ."

ಆಕೆ ನೆಲದಿಂದ ಏಳಲಿಲ್ಲ. ಅಲ್ಲಿಂದಲೇ ಹೇಳಿದಳು: "ಮೊದಲೇ ಹೇಳಿದ್ರೆ ಅವತ್ತೇ ಬಗ್ಗಿ ನೋಡ್ತಿದ್ದೆನಲ್ಲ. ಮಾಸ್ತರು ರಸ್ತೆ ಮೇಲೆ ಕೂತಾಗ ಅವರ ತುಟಿ ಹೇಗಿತ್ತು ಅಂತ ನೀವು ನೋಡಿಲ್ಲ."

"ನೋಡಿಲ್ಲ," ಎಂದರು ಮೇಸ್ತ್ರಿ.

ಬೆಲ್ಟು ಸಡಿಲಿಸಿದರು. ಕೆಳಗೆ ಆಕೆ ಸ್ಪ್ಯಾನರ್ ಹಾಕಿ ಪುಲ್ಲಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸುತ್ತ, "ಇನ್ನೂ... ಇನ್ನೂ... ಬಂತು, ಈಗ ಹಾಕಿ," ಎಂದಳು. ಮೇಲೆ ಇವರು ಬೆಲ್ಟನ್ನು ಹಲ್ಲಿಗೆ ಕೂರಿಸಿದರು. ಕೈಯಲ್ಲೇ ಎಂಜಿನ್ನನ್ನು ಎರಡು ಪೂರ್ತಿ ಸುತ್ತು ತಿರುಗಿಸಿ, ಗೆರೆ ಮತ್ತೆ ನೇರಕ್ಕೆ ಬಂದಿದೆಯೇ ಎಂದು ಆಕೆಯನ್ನು ಕೇಳಿದರು. ಬಂದಿತ್ತು. ಮತ್ತೆ ಅಳೆದಾಗ ಗೇಜಿನ ಮುಳ್ಳು ನಾಲ್ಕು ಸಲವೂ ಮೇಲೇರಿ ನಿಂತಿತು.

ಮರುದಿನ ಏಳು ಗಂಟೆಗೆ ಮೇಸ್ತ್ರಿ ವ್ಯಾನಿನ ಹಿಂದಿನ ಸೀಟಿನಲ್ಲಿದ್ದರು. ಆಕೆ ಕರೆದಿರಲಿಲ್ಲ, ಬೇಡವೆಂದೂ ಅಂದಿರಲಿಲ್ಲ. ಏರು ಶುರುವಾದಾಗ ಆರೂ ಜನ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡರು. ಇಳಿಯಬೇಕಾದೀತು ಎಂಬ ಹೆದರಿಕೆ ಆ ಬೆರಳುಗಳಲ್ಲಿ ಎದ್ದು ಕಾಣುತ್ತಿತ್ತು. ಆಕೆ ಗೇರು ಇಳಿಸಿದಳು. ವ್ಯಾನು ಒಂದೇ ಉಸಿರಿಗೆ ಎಳೆಯಿತು. ಮಾಸ್ತರು ಕೂತಿದ್ದ ಜಾಗ ಕಿಟಕಿಯಲ್ಲಿ ಬಂತು, ಹಿಂದೆ ಸರಿಯಿತು.

ಆಸ್ಪತ್ರೆಯ ಬಾಗಿಲಲ್ಲಿ ಮೇಸ್ತ್ರಿ ಮಾಸ್ತರ ಕೈ ಹಿಡಿದು ಇಳಿಸಿದರು. "ಮೊನ್ನೆ ನಿಮಗೆ ಆದ ಕಷ್ಟ ನನ್ನಿಂದ ಸ್ವಾಮಿ. ಬೆಲ್ಟು ಒಂದು ಹಲ್ಲು ತಪ್ಪಿಸಿ ಹಾಕಿದ್ದೆ."

ಮಾಸ್ತರು ಅವರ ಮುಖವನ್ನೇ ದಿಟ್ಟಿಸಿದರು. "ಒಂದು ಹಲ್ಲಿಗೇ ಇಷ್ಟು ರಾದ್ಧಾಂತವೇನ್ರಿ? ನನ್ನ ಬಾಯಲ್ಲಿ ಒಂದೂ ಇಲ್ಲ." ಆಮೇಲೆ ನಗು ಬಿಟ್ಟು, ಮೆಲ್ಲಗೆ, "ಹೇಳಿದಿರಲ್ಲ, ಅಷ್ಟು ಸಾಕು," ಎಂದು ಹಿಡಿದ ಕೈ ಬಿಡದೆಯೇ ಮೆಟ್ಟಿಲಿನ ತನಕ ನಡೆದರು.

ಶೆಡ್ಡಿಗೆ ಮರಳಿದ ಮೇಲೆ ಮೇಸ್ತ್ರಿ ಹಳೆಯ ಸ್ಟೂಲೊಂದನ್ನು ಹುಡುಕಿ, ಅದರ ನಾಲ್ಕು ಕಾಲನ್ನೂ ಗೇಣುದ್ದ ಉಳಿಸಿ ಗರಗಸದಿಂದ ಕತ್ತರಿಸಿದರು. ರಿಪೇರಿಗೆ ಬಂದಿದ್ದ ಗಾಡಿಯೊಂದರ ಮುಂದೆ ಇಟ್ಟು, ಬಲಗಾಲನ್ನು ನೀಳವಾಗಿ ಚಾಚಿ ಕೂತು ನೋಡಿದರು. ಕಣ್ಣು ಪುಲ್ಲಿಯ ನೇರಕ್ಕೆ ಬಂತು. ಏಳುವುದಕ್ಕೆ ಮಾತ್ರ ಬಂಪರ್ ಹಿಡಿಯಬೇಕಾಯಿತು. ಬಾಗಿಲಲ್ಲಿ ಯಾರೋ ಗಿರಾಕಿ ನಿಂತು ನೋಡುತ್ತಿದ್ದ. ಮೇಸ್ತ್ರಿ ಅವನೆದುರೇ, ಬಂಪರ್ ಹಿಡಿದು, ನಿಧಾನವಾಗಿ ಎದ್ದರು.